ವಿಜಯಪುರ ಒಂದೇ ದಿನದಲ್ಲಿ: ಬೆಳಗಿನ ಪಿಸುಮಾತಿನಿಂದ ಸಂಜೆಯ ಬೆಳಕಿನವರೆಗೆ

ನಮ್ಮಪ್ಪ ಟಾಂಗಾ ಹೊಡೆಯುತ್ತಿದ್ದರು. ವಿಜಯಪುರ ಸ್ಟೇಷನ್ನಿನ ಹೊರಗೆ ನಿಂತು, ರೈಲಿಳಿದವರನ್ನು ಕೂರಿಸಿಕೊಂಡು ಊರೆಲ್ಲ ತೋರಿಸಿ, ಸಂಜೆ ಮತ್ತೆ ಅಲ್ಲಿಗೇ ತಂದು ಬಿಡುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಅವರ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ಈಗ ಆ ಟಾಂಗಾ ಇಲ್ಲ, ಕುದುರೆಯೂ ಇಲ್ಲ. ಆದರೆ ಕೆಲಸ ಮನೆಯಲ್ಲೇ ಉಳಿಯಿತು. ಹತ್ತೊಂಬತ್ತು ವರ್ಷಗಳಿಂದ ನಾನು ಬಂದವರಿಗೆ ಊರು ತೋರಿಸುತ್ತಿದ್ದೇನೆ. ಹಿಡಿದಿರುವುದು ಅಪ್ಪನ ದಾರಿಯನ್ನೇ: ಮುಂಜಾನೆ ಪೂರ್ವದ ಗೋಳಗುಮ್ಮಟ, ಸಂಜೆ ಪಶ್ಚಿಮದ ಇಬ್ರಾಹಿಂ ರೋಜಾ. "ಸೂರ್ಯನ ಸಂಗಾಟ ಹೋಗಬೇಕವ್ವಾ, ಅವನ ಎದುರು ಹೋಗಬಾರದು" ಅನ್ನುತ್ತಿದ್ದರು.

ನಮ್ಮೂರಿಗೆ ಒಂದು ದಿನಕ್ಕೆಂದು ಬರುವವರು ಹೆಚ್ಚಿನವರು ಹನ್ನೊಂದು ಗಂಟೆಗೆ ಗುಮ್ಮಟದ ಮುಂದೆ ಇಳಿಯುತ್ತಾರೆ. ಬಿಸಿಲಲ್ಲಿ ಮೆಟ್ಟಿಲು ಹತ್ತುತ್ತಾರೆ, ಮೇಲೆ ನೂರಾರು ಜನರ ಕೂಗಾಟದ ನಡುವೆ ತಾವೂ ಒಮ್ಮೆ ಕೂಗಿ ಇಳಿಯುತ್ತಾರೆ. ಮಧ್ಯಾಹ್ನ ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಉಳಿದದ್ದನ್ನೆಲ್ಲ ಮುಗಿಸುತ್ತಾರೆ. ನನಗೆ ಇದು ನಿಜವಾಗಿ ಸಂಕಟದ ವಿಷಯ. ನೋಡುವ ಜಾಗಗಳು ಅವೇ. ಹೊತ್ತು ಸರಿಯಾಗಿ ಹೊಂದಿಸಿಕೊಂಡರೆ ಅದೇ ಊರು ಬೇರೆಯೇ ಆಗಿ ಕಾಣುತ್ತದೆ. ನನ್ನ ಜೊತೆ ಬರುವವರನ್ನು ಹೇಗೆ ಕರೆದೊಯ್ಯುತ್ತೇನೋ ಹಾಗೆಯೇ ಇಲ್ಲಿ ಬರೆದಿದ್ದೇನೆ. ನೀವೇ ಸ್ವಂತವಾಗಿ ತಿರುಗಬಹುದು.

ಬರುವ ಮೊದಲು

ಹಿಂದಿನ ದಿನ ಸಂಜೆಯೇ ಬಂದು ಉಳಿದುಕೊಳ್ಳಿ. ಇದೊಂದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಬಂದಿಳಿದು, ರೂಮು ಹುಡುಕಿ, ಸ್ನಾನ ತಿಂಡಿ ಮುಗಿಸುವಷ್ಟರಲ್ಲಿ ದಿನದ ಒಳ್ಳೆಯ ಹೊತ್ತು ಹೋಗಿಬಿಟ್ಟಿರುತ್ತದೆ. ಸ್ಟೇಷನ್ ರಸ್ತೆಯಲ್ಲೋ ಗಾಂಧಿಚೌಕದ ಆಸುಪಾಸಿನಲ್ಲೋ ರೂಮು ಹಿಡಿದರೆ ಎಲ್ಲವೂ ಹತ್ತಿರ.

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಆಗ ಬರಬೇಡಿ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಊರು ತುಂಬಿ ತುಳುಕುತ್ತದೆ, ರೂಮು ಸಿಗುವುದು ಕಷ್ಟ. ಜಾತ್ರೆಗೆಂದೇ ಬರುವುದಾದರೆ ಬೇರೆ ಮಾತು.

ವಾರವನ್ನೂ ನೋಡಿಕೊಳ್ಳಿ. ಶುಕ್ರವಾರ ಗೋಳಗುಮ್ಮಟದ ಮುಂದಿನ ಮ್ಯೂಸಿಯಂಗೆ ರಜೆ, ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ಸೇರಿರುತ್ತಾರೆ. ಭಾನುವಾರ ಎಲ್ಲ ಕಡೆ ಗದ್ದಲ. ಮಂಗಳವಾರ, ಬುಧವಾರ ನನಗೆ ಇಷ್ಟ.

ಚೀಲದಲ್ಲಿ ಇಟ್ಟುಕೊಳ್ಳಬೇಕಾದದ್ದು ಕಡಿಮೆ. ನೀರಿನ ಬಾಟಲಿ, ಟೊಪ್ಪಿಗೆ, ತಲೆಗೆ ಹಾಕಿಕೊಳ್ಳಲು ಒಂದು ದುಪಟ್ಟಾ ಅಥವಾ ಟವೆಲ್, ಒಂದು ಖಾಲಿ ಹಾಳೆ, ದಪ್ಪ ಹತ್ತಿಯ ಒಂದು ಜೊತೆ ಹಳೇ ಕಾಲುಚೀಲ. ಹಾಳೆ ಯಾಕೆ ಅಂತ ಮುಂದೆ ಹೇಳುತ್ತೇನೆ. ಕಾಲುಚೀಲ ಯಾಕೆ ಅಂತ ಹನ್ನೆರಡು ಗಂಟೆಗೆ ನಿಮಗೇ ಗೊತ್ತಾಗುತ್ತದೆ: ಚಪ್ಪಲಿ ಬಿಡಬೇಕಾದ ಜಾಗಗಳಲ್ಲಿ ಹಾಸುಗಲ್ಲು ಕಾದ ಹಂಚಿನ ಹಾಗೆ ಇರುತ್ತದೆ.

ಆಟೋವನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿ. ಜಾಗಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ, ಕಾಯುವ ಹೊತ್ತನ್ನೂ ಸೇರಿಸಿ ಇಡೀ ದಿನದ ದುಡ್ಡು ಮಾತಾಡಿಕೊಳ್ಳಿ. "ನೋಡಿ ಕೊಡ್ರಿ" ಅಂದರೆ ಒಪ್ಪಬೇಡಿ. ಸಂಜೆ ಇಬ್ಬರಿಗೂ ಬೇಜಾರಾಗುತ್ತದೆ. ಟಾಂಗಾ ಸಿಕ್ಕರೆ ಹತ್ತಿ, ಆದರೆ ಇಡೀ ದಿನಕ್ಕೆ ಬೇಡ. ಬಿಸಿಲಲ್ಲಿ ಕುದುರೆಗೆ ತ್ರಾಸು.

ಬೆಳಿಗ್ಗೆ 6 ಗಂಟೆ: ಗೋಳಗುಮ್ಮಟ

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಟಿಕೆಟ್ಟಿಗೆ ಒಬ್ಬರಿಗೆ 20-25 ರೂಪಾಯಿ ಆಗುತ್ತದೆ, 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಆ ಹೊತ್ತಿನಲ್ಲಿ ನಿಮ್ಮ ಜೊತೆ ಇರುವವರು ವಾಕಿಂಗಿಗೆ ಬಂದ ನಮ್ಮೂರವರು, ಮತ್ತೆ ಗಿಳಿಗಳು.

ಒಳಗೆ ಹೋದ ಕೂಡಲೇ ಮೆಟ್ಟಿಲು ಹುಡುಕಬೇಡಿ. ಮೊದಲು ಕೆಳಗಿನ ಹಾಲಿನ ನಡುವೆ, ಕಟ್ಟೆಯ ಪಕ್ಕ ನಿಲ್ಲಿ. ಮಹಮ್ಮದ್ ಆದಿಲ್ ಶಾ 1627ರಿಂದ 1656ರವರೆಗೆ ಆಳಿದ. ಇದು ಅವನ ಗೋರಿ. ಕಟ್ಟೆಯ ಮೇಲೆ ಕಾಣುವುದು ಅವನದು, ಅವನ ಹೆಂಡತಿಯರದು, ರಂಭಾ ಎಂಬ ನರ್ತಕಿಯದು, ಮಗಳದು, ಮೊಮ್ಮಗನದು. ಇವು ಗುರುತಿಗೆ ಇಟ್ಟವು. ನಿಜವಾದ ಗೋರಿಗಳು ಕೆಳಗೆ ನೆಲಮಾಳಿಗೆಯಲ್ಲಿವೆ.

ಈಗ ಕತ್ತೆತ್ತಿ. ಹೊರಗಿನಿಂದ ಅಳೆದರೆ ಗುಮ್ಮಟದ ಅಡ್ಡಳತೆ ಸುಮಾರು 44 ಮೀಟರ್. ಕೆಳಗೆ ಒಂದೇ ಒಂದು ಕಂಬ ಇಲ್ಲ. ಹೇಗೆ ನಿಂತಿದೆ? ನಾನು ಮಕ್ಕಳಿಗೆ ಹೀಗೆ ತೋರಿಸುತ್ತೇನೆ. ಕಾಗದದ ಎರಡು ಚೌಕ ತೆಗೆದುಕೊಳ್ಳಿ. ಒಂದರ ಮೇಲೆ ಇನ್ನೊಂದನ್ನು ಸ್ವಲ್ಪ ತಿರುಗಿಸಿ ಇಡಿ. ಎಂಟು ಮೂಲೆಯ ನಕ್ಷತ್ರ ಬಂತು ಅಲ್ವಾ? ಗೋಡೆಯಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ದಾಟಿ ಮೇಲೆ ಅದೇ ನಕ್ಷತ್ರ ಮಾಡಿವೆ. ಚೌಕದ ಕೋಣೆ ಮೇಲೆ ಹೋಗುತ್ತಾ ಎಂಟು ಮೂಲೆ ಆಗುತ್ತದೆ, ಆಮೇಲೆ ದುಂಡಗಾಗುತ್ತದೆ. ಆ ದುಂಡಿನ ಮೇಲೆ ಗುಮ್ಮಟ ಕೂತಿದೆ. ಗುಮ್ಮಟ ತನ್ನ ಭಾರದಿಂದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಈ ಕಮಾನುಗಳ ನಡುವಿನ ಭಾಗ ಒಳಕ್ಕೆ ಬಾಗಿ ನಿಂತು ಆ ತಳ್ಳುವಿಕೆಯನ್ನು ತಡೆಯುತ್ತದೆ. ನಕ್ಷತ್ರ ಕಾಣುವವರೆಗೆ ಅಲ್ಲೇ ನಿಲ್ಲಿ. ಒಮ್ಮೆ ಕಂಡ ಮೇಲೆ ಕಣ್ಣು ಅದನ್ನು ಬಿಡುವುದಿಲ್ಲ.

ಆಮೇಲೆ ಮೆಟ್ಟಿಲು. ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಂದೊಂದೂ ಏಳು ಅಂತಸ್ತು, ಅವುಗಳ ಒಳಗೇ ಸುತ್ತು ಮೆಟ್ಟಿಲು. ನೂರಕ್ಕೂ ಜಾಸ್ತಿ ಇವೆ. ಎತ್ತರ, ಇಕ್ಕಟ್ಟು, ಕೆಲವು ಕಡೆ ಸವೆದು ನುಣುಪಾಗಿವೆ. ಪ್ರತಿ ಅಂತಸ್ತಿನಲ್ಲೂ ಕಿಟಕಿಯ ಹತ್ತಿರ ನಿಂತು ಉಸಿರು ಬಿಡಿ. ಮೊಣಕಾಲು ನೋವಿರುವವರು ಕೆಳಗೇ ಕೂರಲಿ. ಹಾಲಿನಲ್ಲೂ ಕೇಳುವುದಕ್ಕೆ ಬೇಕಾದಷ್ಟಿದೆ.

ಮೇಲಿನ ಮಾಳಿಗೆಗೆ ಬಂದಾಗ ಗಾಳಿ ಬೀಸುತ್ತದೆ. ಗುಮ್ಮಟದ ಬುಡಕ್ಕೆ ಸುತ್ತಲೂ ದೊಡ್ಡ ದೊಡ್ಡ ಕಮಲದ ಎಸಳುಗಳು. ಕೆಳಗಿನಿಂದ ಸಣ್ಣ ಅಂಚಿನ ಹಾಗೆ ಕಂಡದ್ದು ಇಲ್ಲಿ ಎಷ್ಟು ದೊಡ್ಡದು ಅಂತ ಪಕ್ಕ ನಿಂತು ನೋಡಿ. ಸೂರ್ಯ ಹುಟ್ಟುವುದನ್ನು ಪೂರ್ವದ ಕಡೆ ನೋಡಿ, ಆಮೇಲೆ ಪಶ್ಚಿಮಕ್ಕೆ ಬನ್ನಿ. ಇಡೀ ಊರು ಕಾಲ ಕೆಳಗಿದೆ. ಇವತ್ತು ಹೋಗಬೇಕಾದ ದಾರಿಯನ್ನು ಇಲ್ಲಿಂದಲೇ ಗುರುತು ಮಾಡಿಕೊಳ್ಳಿ.

ಸಣ್ಣ ಬಾಗಿಲಿನಿಂದ ಒಳಗೆ ಹೋದರೆ ಪಿಸುಮಾತಿನ ಗ್ಯಾಲರಿ. ಇಲ್ಲಿಂದ ಮುಂದೆ ದಯವಿಟ್ಟು ನಾನು ಹೇಳಿದ ಹಾಗೆ ಮಾಡಿ.

ಯಾರೂ ಮಾತಾಡಬೇಡಿ. ಚಪ್ಪಾಳೆಯೂ ಬೇಡ. ಜೊತೆಗೆ ಬಂದವರಲ್ಲಿ ಒಬ್ಬರು ಸುತ್ತು ಹಾಕಿ ಸರಿಯಾಗಿ ಎದುರು ಬದಿಗೆ ಹೋಗಲಿ. ಮಧ್ಯೆ ಸುಮಾರು 38 ಮೀಟರ್ ಬಯಲು. ಇಬ್ಬರೂ ಗೋಡೆಗೆ ಒರಗಿ ಕೂರಿ, ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ. ಆ ಕಡೆಯವರು ಚೀಲದಲ್ಲಿದ್ದ ಹಾಳೆ ತೆಗೆದು ಮೆಲ್ಲಗೆ ಹರಿಯಲಿ. ಕೇಳುತ್ತದೆ. ನಿಮ್ಮ ಕಿವಿಯ ಪಕ್ಕದಲ್ಲೇ ಯಾರೋ ಹರಿದ ಹಾಗೆ, ನಾರು ಬಿಡುವ ಒಂದೊಂದು ಸಣ್ಣ ಸದ್ದೂ ಕೇಳುತ್ತದೆ. ಆಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವಷ್ಟು ದನಿಯಲ್ಲಿ ಏನಾದರೂ ಹೇಳಲಿ. ಒಂದು ವಾಕ್ಯ ಮುಗಿಸಿ ಸುಮ್ಮನಿರಲಿ. ದುಂಡು ಗೋಡೆ ಆ ದನಿಯನ್ನು ಚೆಲ್ಲದ ಹಾಗೆ ತನ್ನ ಮೈಗುಂಟ ಒಯ್ದು ನಿಮ್ಮ ಹತ್ತಿರ ಇಳಿಸುತ್ತದೆ.

ನಮ್ಮವ್ವನಿಗೆ ಕೊನೆಕೊನೆಗೆ ಕಿವಿ ಮಂದವಾಗಿತ್ತು. ಮನೆಯಲ್ಲಿ ಜೋರಾಗಿ ಕೂಗಿ ಹೇಳಬೇಕಿತ್ತು. ಕೂಗಿದರೆ "ಯಾಕ ಬೈತಿ" ಅಂತ ಅವಳಿಗೆ ನೋವು. ಒಂದು ಡಿಸೆಂಬರ್ ಮುಂಜಾನೆ ನಿಧಾನಕ್ಕೆ, ಅಂತಸ್ತಿಗೊಮ್ಮೆ ಕೂರಿಸುತ್ತಾ ಅವಳನ್ನು ಮೇಲೆ ಕರೆತಂದೆ. ಗೋಡೆಗೆ ಕಿವಿ ಹಚ್ಚಿ ಕೂರಲು ಹೇಳಿ ನಾನು ಎದುರಿಗೆ ಹೋದೆ. "ಅವ್ವಾ, ಚಾ ಕುಡೀತಿಯೇನ?" ಅಂತ ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೋಡೆಯೊಳಗಿಂದ ಬಂದ ಹಾಗೆ ಅವಳ ದನಿ: "ಸಕ್ಕರಿ ಕಮ್ಮಿ ಹಾಕು." ನಾವಿಬ್ಬರೂ ಅವತ್ತು ಅಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು. ನೆಂಟರ ಸುದ್ದಿ, ಅಡುಗೆ ಸುದ್ದಿ. ಎಷ್ಟೋ ತಿಂಗಳ ಮೇಲೆ ಅವಳ ಜೊತೆ ಕೂಗದೆ ಮಾತಾಡಿದ್ದೆ.

ಅದಕ್ಕೇ ಹೇಳುವುದು, ಇಲ್ಲಿ ಕೂಗಬೇಡಿ. ಪಿಸುಗುಟ್ಟಿ ಮುಗಿದ ಮೇಲೆ ಬೇಕಾದರೆ ಒಂದೇ ಒಂದು ಚಪ್ಪಾಳೆ ಹೊಡೆದು ಎಣಿಸಿ. ಏಳು ಸಲವಾದರೂ ತಿರುಗಿ ಬರುತ್ತದೆ. ಸುತ್ತ ಮೌನವಿದ್ದರೆ ಇನ್ನೂ ಎರಡು ಮೂರು ಸಿಗುತ್ತವೆ, ಒಂದಕ್ಕಿಂತ ಒಂದು ತೆಳ್ಳಗೆ. ಒಮ್ಮೆ ಭಾನುವಾರ ಹನ್ನೊಂದಕ್ಕೆ ಒಂದು ಕುಟುಂಬವನ್ನು ಮೇಲೆ ಕರೆತಂದಿದ್ದೆ. ಅವರ ರೈಲು ತಡವಾಗಿತ್ತು, ಬೇರೆ ದಾರಿಯಿರಲಿಲ್ಲ. ಒಳಗೆ ಎಷ್ಟು ಅರಚಾಟವೆಂದರೆ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಬಂದುಬಿಟ್ಟರು. "ಇದಕ್ಕಾಗಿ ಇಷ್ಟು ಹತ್ತಿದ್ದಾ?" ಅಂದರು. ಅವತ್ತಿನಿಂದ ತಡವಾಗಿ ಬಂದವರನ್ನು ನಾನು ಗುಮ್ಮಟಕ್ಕೆ ಮರುದಿನ ಮುಂಜಾನೆಯೇ ಕರೆದೊಯ್ಯುವುದು.

ಮುಂದಿರುವ ಮ್ಯೂಸಿಯಂ ಹಳೆಯ ನಗಾರಖಾನೆಯಲ್ಲಿದೆ. ಆಸರ್ ಮಹಲಿನ ರತ್ನಗಂಬಳಿ, ಚೀನಾದ ಪಿಂಗಾಣಿ, ಕನ್ನಡ ಶಾಸನ, ವೀರಗಲ್ಲು ಎಲ್ಲ ಇವೆ. ಚೆನ್ನಾಗಿದೆ. ಆದರೆ ಬೆಳಿಗ್ಗೆ ಅಷ್ಟು ಬೇಗ ತೆರೆದಿರುವುದಿಲ್ಲ. ಒಂದೇ ದಿನ ಇರುವವರು ಅದಕ್ಕೆಂದು ಕಾಯಬೇಡಿ.

ತಿಂಡಿ, ಮಸೀದಿ, ಕೋಟೆ

ಎಂಟೂವರೆಗೆ ಇಳಿದು ತಿಂಡಿ ತಿನ್ನಿ. ಇಡ್ಲಿ, ಪೂರಿ ಎಲ್ಲ ಕಡೆ ಸಿಗುತ್ತವೆ. ನಮ್ಮ ಕಡೆಗೆ ಬಂದವರು ಒಮ್ಮೆ ಸೂಸಲ ತಿನ್ನಬೇಕು. ಚುರುಮುರಿಯನ್ನು ನೆನೆಸಿ ಹಿಂಡಿ, ಒಗ್ಗರಣೆಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿರುತ್ತಾರೆ. ಪಕ್ಕಕ್ಕೆ ಮಿರ್ಚಿ ಭಜಿ. ಖಾರ ಜಾಸ್ತಿ, ನೋಡಿಕೊಂಡು ಕಚ್ಚಿ.

ಅಲ್ಲಿಂದ ಜುಮ್ಮಾ ಮಸೀದಿ. 1565ರ ತಾಳಿಕೋಟೆ ಯುದ್ಧ ಗೆದ್ದ ಮೇಲೆ ಒಂದನೇ ಅಲಿ ಆದಿಲ್ ಶಾ ಕಟ್ಟಿಸಲು ಶುರು ಮಾಡಿದ್ದು. ತಾಳಿಕೋಟೆ ಇರುವುದು ನಮ್ಮ ಜಿಲ್ಲೆಯಲ್ಲೇ. ಹಂಪಿ ನೋಡಿ ಬಂದವರು ಇಲ್ಲಿ ಒಂದು ನಿಮಿಷ ಸುಮ್ಮನಾಗುತ್ತಾರೆ. ಹಂಪಿ ಹಾಳಾದ ಕತೆಯ ಇನ್ನೊಂದು ತುದಿ ಇದು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ನಮಾಜಿನ ಜಾಗ ಗುರುತಿಸಿದ್ದಾರೆ, 2,250 ಮನೆಗಳು. ಖಾಲಿ ಇದ್ದಾಗ ನೋಡಿದರೆ ಬರೀ ಗೆರೆ, ನೆರಳು, ಕಮಾನು. ಇಲ್ಲಿ ಇವತ್ತಿಗೂ ನಮಾಜು ನಡೆಯುತ್ತದೆ. ಹಾಗಾಗಿ ಮೈತುಂಬ ಬಟ್ಟೆ, ತಲೆಗೆ ಸೆರಗೋ ಟವೆಲ್ಲೋ ಇರಲಿ. ಪ್ರಾರ್ಥನೆ ಮಾಡುವವರ ಮುಂದೆ ಹಾದುಹೋಗಬೇಡಿ, ಅವರ ಫೋಟೋ ತೆಗೆಯಬೇಡಿ.

ಕೋಟೆಯ ಕಡೆ ಬರುವಾಗ ರಸ್ತೆ ಬದಿಗೇ ಮೆಹ್ತರ್ ಮಹಲ್. ಹೆಸರಿಗೆ ಮಹಲ್, ನಿಜಕ್ಕೆ ಒಂದು ಮಸೀದಿಯ ಹೆಬ್ಬಾಗಿಲು. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷವನ್ನು ತಪ್ಪಿಸಬೇಡಿ. ಬಾಲ್ಕನಿಯ ಕೆಳಗೆ ನಿಂತು ಅದನ್ನು ಹೊತ್ತಿರುವ ಆಸರೆಗಳನ್ನು ನೋಡಿ. ಕಲ್ಲನ್ನು ಮರದ ಹಾಗೆ ಕೊರೆದಿದ್ದಾರೆ. ಬಡಗಿ ಮಾಡುವ ಕೆಲಸವನ್ನು ಕಲ್ಲುಕುಟಿಗ ಮಾಡಿದ್ದಾನೆ. ಬಳ್ಳಿ, ಹಕ್ಕಿ, ಅವುಗಳ ನಡುವೆ ಬೆಳಕು ತೂರುವಷ್ಟು ಜಾಗ. ಅಪ್ಪ ಇಲ್ಲಿ ಟಾಂಗಾ ನಿಲ್ಲಿಸಿದರೆ ಹಿಂದೆ ಬರುವ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವರು ಕದಲುತ್ತಿರಲಿಲ್ಲ.

ಆಸರ್ ಮಹಲನ್ನು ನ್ಯಾಯ ಕೇಳುವ ಸಭೆಗೆಂದು 1646ರ ಸುಮಾರಿಗೆ ಕಟ್ಟಿದ್ದು. ಆಮೇಲೆ ಪೈಗಂಬರರ ಕೂದಲನ್ನು ಇಲ್ಲಿ ಇಟ್ಟರು. ಎತ್ತರದ ಮರದ ಕಂಬಗಳು, ಮುಂದೆ ಕೊಳ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಇಷ್ಟು ವರ್ಷ ಬೇರೆಯವರಿಗೆ ಈ ಊರು ತೋರಿಸಿದ ನಾನು ಆ ಕಟ್ಟಡದ ಒಳಗೆ ಕಾಲಿಟ್ಟಿಲ್ಲ. ಗಂಡಸರು ಒಳಗೆ ಹೋಗಿ ಬರುವವರೆಗೆ ಹೆಂಗಸರ ಜೊತೆ ಕೊಳದ ಕಟ್ಟೆಯ ಮೇಲೆ ಕೂರುತ್ತೇನೆ. ನೀರಿನಲ್ಲಿ ಆ ಕಂಬಗಳು ಬೀಳುವುದು ಚೆನ್ನಾಗಿ ಕಾಣುವುದು ಅಲ್ಲಿಂದಲೇ.

ಗಗನ ಮಹಲ್ 1561ರದ್ದು. ನಡುವಿನ ಕಮಾನು 60 ಅಡಿಗೂ ಹೆಚ್ಚು ಅಗಲ. ಮಾಳಿಗೆ ಯಾವತ್ತೋ ಬಿದ್ದುಹೋಗಿದೆ, ಕಮಾನು ಮಾತ್ರ ಆಕಾಶ ಹೊತ್ತು ನಿಂತಿದೆ. ಮುಂದೆ ಈಗ ಹುಲ್ಲುಹಾಸು. ಜನ ಇದನ್ನು ಪಾರ್ಕು ಅಂದುಕೊಂಡು ಬುತ್ತಿ ಬಿಚ್ಚುತ್ತಾರೆ. ಬಿಚ್ಚಲಿ, ಆದರೆ ಈ ಜಾಗ ಎಂಥದ್ದು ಅಂತ ಗೊತ್ತಿರಲಿ. 1686ರಲ್ಲಿ ಔರಂಗಜೇಬ ಊರು ಗೆದ್ದಾಗ ಆದಿಲ್ ಶಾಹಿಗಳ ಆಳ್ವಿಕೆ ಮುಗಿಯಿತು. ಕೊನೆಯ ದೊರೆ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಇಲ್ಲೇ ಗೆದ್ದವನ ಮುಂದೆ ನಿಲ್ಲಿಸಿದರು ಅನ್ನುತ್ತಾರೆ. ನಾಲ್ಕೈದು ವರ್ಷದ ಮಗುವಾಗಿದ್ದಾಗ ಪಟ್ಟಕ್ಕೆ ಬಂದವನು. ಸೋತಾಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕಾಲೇಜು ಹುಡುಗರ ಗುಂಪು ಬಂದಾಗ ನಾನು ಮೊದಲು ಹೇಳುವುದು ಈ ಮಾತು. ಅವರು ಫೋನು ಜೇಬಿಗೆ ಹಾಕುತ್ತಾರೆ.

ಹನ್ನೆರಡರ ಒಳಗೆ ಬಾರಾ ಕಮಾನ್ ಮುಗಿಸಿ. ಎರಡನೇ ಅಲಿ ಆದಿಲ್ ಶಾ, ಅಂದರೆ ಗೋಳಗುಮ್ಮಟದಲ್ಲಿ ಮಲಗಿರುವವನ ಮಗ, ತನಗೆಂದು ಕಟ್ಟಿಸಲು ಹೊರಟ ಗೋರಿ ಇದು. 1672ರಲ್ಲಿ ಅವನು ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆ ಅಂತ ನಿಲ್ಲಿಸಿದರು ಎಂಬ ಕತೆಯನ್ನು ಆಟೋದವರಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಕತೆ ಚೆಂದ, ಆದರೆ ಎರಡರ ನಡುವೆ ಎಷ್ಟು ದೂರ ಅಂತ ಬೆಳಿಗ್ಗೆ ಮೇಲಿನಿಂದ ನೀವೇ ನೋಡಿದ್ದೀರಲ್ಲ. ಗುಮ್ಮಟದ ಒಳಗೆ ಕಂಡ ಕಮಾನಿನ ಕೆಲಸ ಮುಚ್ಚಿಲ್ಲದೆ, ಅರ್ಧಕ್ಕೆ ನಿಂತರೆ ಹೇಗಿರುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ. ಅದಕ್ಕೇ ಗೋಳಗುಮ್ಮಟ ಆದ ಮೇಲೆ ಇದನ್ನು ನೋಡಬೇಕು, ಮೊದಲಲ್ಲ.

ಮಧ್ಯಾಹ್ನ

ಒಂದು ಗಂಟೆಗೆ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ರೊಟ್ಟಿ ಬಿಸಿ ಇದ್ದಾಗಲೇ ಮುರಿದು ತಿನ್ನಿ. ಕಟಕ್ ರೊಟ್ಟಿ ಬೇಕಾದರೆ ಕೇಳಿ ತೆಗೆದುಕೊಳ್ಳಿ. ಊಟವಾದ ಮೇಲೆ ಮೂರರವರೆಗೆ ರೂಮಿಗೆ ಹೋಗಿ ಮಲಗಿ. ಇದನ್ನು ಹೇಳಿದಾಗ ಕೆಲವರು "ಅಯ್ಯೋ, ಹೊತ್ತು ದಂಡ" ಅನ್ನುತ್ತಾರೆ. ದಂಡ ಅಲ್ಲ. ಸಂಜೆಗೆ ಕಣ್ಣು ಚುರುಕಾಗಿರಬೇಕು. ದಣಿದು ಹೋದರೆ ಇಬ್ರಾಹಿಂ ರೋಜಾ ನಿಮಗೆ ಏನನ್ನೂ ಹೇಳುವುದಿಲ್ಲ.

ಮೂರು ಗಂಟೆಗೆ ಉಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಸುಮಾರು 80 ಅಡಿ ಎತ್ತರದ ದುಂಡು ಬುರುಜು. ಮೆಟ್ಟಿಲು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತದೆ. ಮೇಲಿರುವ ಉದ್ದದ ತೋಪು 30 ಅಡಿಯದು. ಹತ್ತಿರ ಬಗ್ಗಿ ನೋಡಿ: ಅದು ಒಂದೇ ಎರಕ ಅಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ ಬೆಸೆದಿದ್ದಾರೆ. ಅಂಚಿನ ಹತ್ತಿರ ಮಕ್ಕಳ ಕೈ ಬಿಡಬೇಡಿ.

ಅಲ್ಲಿಂದ ಹತ್ತಿರದಲ್ಲೇ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು. ಇದು ಎರಕದ್ದು, ಕಂಚಿನದು, ತೂಕ ಸುಮಾರು 55 ಟನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. 1632ರಲ್ಲಿ ಯುದ್ಧದ ಗೆಲುವಿನ ಗುರುತಾಗಿ ಪರಂಡಾದಿಂದ ಇಲ್ಲಿಗೆ ತಂದರು. ಹತ್ತು ಆನೆ, 400 ಎತ್ತು, ನೂರಾರು ಜನ ಎಳೆದರು ಅನ್ನುತ್ತಾರೆ. ತೋಪಿನ ಬಾಯಿಗೆ ಬನ್ನಿ. ಸಿಂಹದ ಮುಖ, ತೆರೆದ ಬಾಯಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಪುಟ್ಟ ಆನೆ. ಎಲ್ಲರೂ ಸಿಂಹವನ್ನು ನೋಡಿ ಹೋಗುತ್ತಾರೆ. ನೀವು ಆನೆಯನ್ನು ಹುಡುಕಿ. ಇಷ್ಟು ದೊಡ್ಡ ಕೊಲ್ಲುವ ಸಾಮಾನಿನ ಮೇಲೆ ಅಷ್ಟು ಸಣ್ಣದನ್ನು ಅಷ್ಟು ಜತನದಿಂದ ಮಾಡಿದ ಕೈ ಯಾವುದೋ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. 1854ರಲ್ಲಿ ಇದನ್ನು ಹಳೇ ಸಾಮಾನು ಅಂತ ಹರಾಜಿಗೆ ಇಟ್ಟಿದ್ದರು. ಬಂದ ಹೆಚ್ಚಿನ ಬೆಲೆ 150 ರೂಪಾಯಿ. ಬೆಲೆ ತೀರಾ ಕಡಿಮೆ ಅಂತ ಒಬ್ಬ ಅಧಿಕಾರಿ ಮೇಲಿನವರಿಗೆ ಬರೆದ, ಮಾರಾಟ ನಿಂತಿತು. ಕಲ್ಲಿನಿಂದ ಬಡಿದು ಸದ್ದು ಕೇಳಿಸುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಹಾಗೆ ಬಡಿದ ಗುರುತು ಅದರ ಮೈಮೇಲೆ ಬೇಕಾದಷ್ಟಿದೆ.

ನಾಲ್ಕು ಗಂಟೆಗೆ ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾ ತನ್ನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ್ದು. ದೊಡ್ಡ ಕಮಾನು, ಎರಡು ಕಡೆ ಗೋಪುರ, ಮೆಟ್ಟಿಲಿಳಿದರೆ ನೀರು. ನಾನು ಹುಡುಗಿಯಾಗಿದ್ದಾಗ ಅಪ್ಪ ಇಲ್ಲಿ ಕುದುರೆ ಬಿಚ್ಚಿ ದಣಿವಾರಿಸುತ್ತಿದ್ದರು. ಮುಂದೆ ಬಾವಡಿ ಕಸದ ಗುಂಡಿಯಾಯಿತು. ಬಂದವರಿಗೆ ತೋರಿಸಲು ನಾಚಿಕೆಯಾಗಿ ಬೇರೆ ದಾರಿಯಿಂದ ಕರೆದೊಯ್ಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಹೂಳು ತೆಗೆದು ಚೊಕ್ಕ ಮಾಡಿದರು. ಈಗ ಮತ್ತೆ ಈ ದಾರಿ ಹಿಡಿದಿದ್ದೇನೆ. ನೀರಿಗೆ ಏನನ್ನೂ ಹಾಕಬೇಡಿ, ಹೂವನ್ನೂ ಬೇಡ. ಈ ಬರದ ನೆಲದಲ್ಲಿ ಅಷ್ಟು ದೊಡ್ಡ ಊರು ಬದುಕಿದ್ದು ಇಂಥ ಬಾವಿಗಳಿಂದ, ಮತ್ತೆ ತೊರವಿಯ ಕಡೆಯಿಂದ ನೆಲದಡಿ ಕೊರೆದು ತಂದ ನೀರಿನ ಸುರಂಗಗಳಿಂದ. ಅವಕ್ಕೆ ಕರೇಜ್ ಅನ್ನುತ್ತಾರೆ. ಗುಮ್ಮಟ ಕಟ್ಟಿದವರನ್ನು ಹೊಗಳುವಾಗ ಆ ಸುರಂಗ ತೋಡಿದವರನ್ನೂ ನೆನೆಯಿರಿ.

ಸಂಜೆ: ಇಬ್ರಾಹಿಂ ರೋಜಾ

ನಾಲ್ಕೂಮುಕ್ಕಾಲಿಗೆ ಇಲ್ಲಿರಿ. ಇಲ್ಲಿಯೂ ಟಿಕೆಟ್ ಇದೆ. ಹೆಬ್ಬಾಗಿಲು ದಾಟಿದರೆ ಒಂದೇ ಜಗಲಿಯ ಮೇಲೆ ಎರಡು ಕಟ್ಟಡ ಎದುರುಬದುರು: ಎಡಕ್ಕೆ ಗೋರಿ, ಬಲಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. ಗೋರಿ ಪೂರ್ವಕ್ಕಿದೆ. ಹಾಗಾಗಿ ಇಳಿಹೊತ್ತಿನ ಬಿಸಿಲು ಮಸೀದಿಯ ಕಡೆಯಿಂದ ಬಂದು ಗೋರಿಯ ಮುಖದ ಮೇಲೆ ಬೀಳುತ್ತದೆ. ಅಪ್ಪ ದಿನದ ಕೊನೆಗೆ ಇದನ್ನು ಇಟ್ಟುಕೊಂಡದ್ದು ಆ ಬೆಳಕಿಗಾಗಿ.

ಎರಡನೇ ಇಬ್ರಾಹಿಂ 1580ರಿಂದ 1627ರವರೆಗೆ ಆಳಿದ. ಪಟ್ಟಕ್ಕೆ ಬಂದಾಗ ಹುಡುಗ. ಸಂಗೀತದ ಹುಚ್ಚು. ಸರಸ್ವತಿಯನ್ನು, ಗಣಪತಿಯನ್ನು ನೆನೆದು ಹಾಡು ಬರೆದ. ಜನ ಅವನನ್ನು ಜಗದ್ಗುರು ಅಂದರು. ಈ ಕಟ್ಟಡ ಶುರುವಾದದ್ದು ತಾಜ್ ಸುಲ್ತಾನಾಳಿಗೆಂದು. ಕೊನೆಗೆ ಇಬ್ಬರೂ ಇಲ್ಲೇ ಮಲಗಿದರು. ಕಟ್ಟಿದವನು ಮಲಿಕ್ ಸಂದಲ್. ತಾಜ್ ಮಹಲಿಗೆ ಇದೇ ಮಾದರಿ ಅಂತ ನಮ್ಮೂರವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಆ ಹೋಲಿಕೆ ಮಾಡುವುದಿಲ್ಲ. ಇದಕ್ಕೆ ಬೇರೆಯದರ ಹೆಸರು ಬೇಕಿಲ್ಲ.

ನಿಧಾನಕ್ಕೆ ಒಂದು ಸುತ್ತು ಹಾಕಿ. ಹೊರಗೋಡೆಯ ತುಂಬ ಬರಹ, ಬಳ್ಳಿ, ಜಾಲರಿ. ಕಿಟಕಿಗಳ ಮೇಲಿನ ಜಾಲರಿಯ ಹತ್ತಿರ ಹೋಗಿ. ದೂರದಿಂದ ಬಳ್ಳಿ ಅನ್ನಿಸಿದ್ದು ಹತ್ತಿರದಲ್ಲಿ ಅರಬ್ಬಿ ಅಕ್ಷರ. ಅಕ್ಷರವನ್ನು ಹಾಗೇ ಬಿಟ್ಟು ಅದರ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಒಳಗೆ ನಿಂತರೆ ಬೆಳಕು ಆ ಸಂದಿಗಳಿಂದಲೇ ಬರಬೇಕು. ಓದಲು ಬಾರದ ನನಗೂ ಅದು ಬರೆದ ಮಾತು ಅಂತ ತಿಳಿಯುತ್ತದೆ. ಒಳಗಿನ ಕೋಣೆಯ ಮಾಳಿಗೆಯನ್ನೂ ನೋಡಿ: ಸುಮಾರು 40 ಅಡಿ ಚೌಕ, ಮಟ್ಟಸವಾದ ಕಲ್ಲು, ಕೆಳಗೆ ತೊಲೆ ಇಲ್ಲ, ಕಂಬ ಇಲ್ಲ. ಬೆಳಿಗ್ಗೆ ಕಂಡ ಗುಮ್ಮಟಕ್ಕಿಂತ ನನಗೆ ಇದೇ ಹೆಚ್ಚು ಸೋಜಿಗ.

ಐದೂವರೆಯ ಹೊತ್ತಿಗೆ ಮಸೀದಿಯ ಕಡೆಯ ಮೆಟ್ಟಿಲ ಮೇಲೆ ಕೂತು ಗೋರಿಯ ಕಡೆ ಮುಖ ಮಾಡಿ. ಕಲ್ಲು ಮೊದಲು ಬೂದು, ಆಮೇಲೆ ಜೇನಿನ ಬಣ್ಣ. ಫೋಟೋ ಬೇಕಾದರೆ ಬೇಗ ತೆಗೆದು ಫೋನು ಒಳಗಿಡಿ. ಕಾವಲಿನವರು ಸೀಟಿ ಊದುವವರೆಗೆ ಎದ್ದೇಳಬೇಡಿ.

ಆಟೋದವರಿಗೆ ಆರೂಕಾಲಿಗೆ ಗೇಟಿನ ಹತ್ತಿರ ಇರಲು ಹೇಳಿರಿ. ಸ್ಟೇಷನ್ ಊರಿನ ಆ ತುದಿಗೆ. ಗಾಂಧಿಚೌಕದಲ್ಲಿ ಸಂಜೆ ಗದ್ದಲ, ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ. ದಾರಿಯಲ್ಲಿ ದ್ರಾಕ್ಷಿ ಕಾಲವಾಗಿದ್ದರೆ ಒಂದು ಕಿಲೋ ಕಟ್ಟಿಸಿಕೊಳ್ಳಿ. ಸ್ಟೇಷನ್ ಹತ್ತಿರವಾಗುತ್ತಿದ್ದ ಹಾಗೆ ಮನೆಗಳ ಮೇಲೆ ಗುಮ್ಮಟ ಮತ್ತೆ ಕಾಣುತ್ತದೆ, ಕತ್ತಲಲ್ಲಿ ಬರೀ ಆಕಾರ. ಅಪ್ಪ ಅಲ್ಲಿ ಕುದುರೆಯ ಲಗಾಮು ಸ್ವಲ್ಪ ಜಗ್ಗಿ ನಿಧಾನ ಮಾಡುತ್ತಿದ್ದರು. ಹಿಂದೆ ಕೂತವರಿಗೆ ಏನೂ ಹೇಳುತ್ತಿರಲಿಲ್ಲ. ಅವರೇ ತಿರುಗಿ ನೋಡುತ್ತಿದ್ದರು.